ಡಿ ಡ್ರೈವ್‌ನ ಗೋಡೆ ಒಡೆಯುವ ಮುನ್ನ

ಪಾರ್ಟಿಷನ್ ಎಂದ ಕೂಡಲೇ ನಮ್ಮ ನಿಮ್ಮಂಥವರಿಗೆ ನೆನಪಾಗುವುದು ಅಣ್ಣತಮ್ಮಂದಿರ ಪಾಲು. ನಡುಮನೆಗೆ ಅಡ್ಡಗೋಡೆ ಎದ್ದು, ದೇವರಮನೆ ಒಬ್ಬರ ಕಡೆಗೂ ಬಚ್ಚಲುಮನೆ ಇನ್ನೊಬ್ಬರ ಕಡೆಗೂ ಹೋಗಿ, ಒಂದು ಸಂಸಾರಕ್ಕೆ ಕಾಲು ಚಾಚಲು ಜಾಗವಿಲ್ಲ, ಇನ್ನೊಂದರ ಕೋಣೆಗಳಿಗೆ ಬೀಗ! ಇಂಥದೇ ಒಂದು ಪಾಲು ನಿಮ್ಮ ಮನೆಯ ಲ್ಯಾಪ್‌ಟಾಪ್‌ನೊಳಗೂ ಆಗಿರಬಹುದು ಎಂದರೆ ನಂಬುತ್ತೀರಾ? ಕಳೆದ ಆಷಾಢದವರೆಗೆ ನನಗೂ ಗೊತ್ತಿರಲಿಲ್ಲ.

ಆದದ್ದಿಷ್ಟು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳ ಹಳೆಯ ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ನಮ್ಮ ಬೀದಿಯ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ನಾನೇ. ಉಳಿತಾಯ, ಸಾಲ, ಕಂತು, ಬಡ್ಡಿ ಎಲ್ಲವನ್ನೂ ಪುಸ್ತಕದ ಜೊತೆಗೆ ಅದರಲ್ಲೂ ಬರೆದಿಡುವ ರೂಢಿ ಮಾಡಿಕೊಂಡಿದ್ದೆ. ಒಂದು ಸಂಜೆ, ಬೆಳಗಾದರೆ ಸಂಘದ ಸಭೆ ಎನ್ನುವಾಗ, ಲೆಕ್ಕದ ಫೈಲು ಉಳಿಯಲೇ ಇಲ್ಲ. ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬ ಸೂಚನೆ. ನೋಡಿದರೆ ಸಿ ಡ್ರೈವ್‌ನ ಪಟ್ಟಿ ಕೆಂಪಗೆ ತುಂಬಿಹೋಗಿದೆ. ಅದರ ಪಕ್ಕದ ಡಿ ಡ್ರೈವ್ ಮಾತ್ರ ಬಿಳಿಚಿಕೊಂಡು ಹಾಯಾಗಿ ಕುಳಿತಿದೆ!

ಮಗಳಿಗೆ ಫೋನು ಮಾಡಿದೆ. "ಅಮ್ಮಾ, ಡಿ ಖಾಲಿ ಇದೆ. ತೆಗೆದುಹಾಕಿ ಸಿ ಜೊತೆ ಸೇರಿಸಿಬಿಡೋಣ. ನಾನು ಹೇಳ್ತೀನಿ, ನೀನು ಒತ್ತುತ್ತಾ ಹೋಗು" ಎಂದಳು. ಒತ್ತುತ್ತಾ ಹೋದೆ. ಕೊನೆಗೆ 'ಡಿಲೀಟ್ ವಾಲ್ಯೂಮ್' ಎಂಬ ಸಾಲಿನ ಮೇಲೆ ಬಾಣದ ಗುರುತು ನಿಂತಿತ್ತು. ಅಷ್ಟರಲ್ಲಿ ಒಳಗೆ ಕುಕ್ಕರ್ ಮೂರನೇ ಸಲ ಕೂಗಿತು. ಎದ್ದು ಹೋಗಿ ಒಲೆ ಆರಿಸಿ ಬಂದೆ. ಬಂದವಳ ಕಣ್ಣಿಗೆ ಅಂಕಿ ಬಿತ್ತು: ಡಿ ಡ್ರೈವ್‌ನ ಅಳತೆ ೧೩೮ ಜಿಬಿ, ಖಾಲಿ ಇರುವುದು ೧೨೧ ಜಿಬಿ.

"ಖಾಲಿ ಅಂದೆಯಲ್ಲೇ, ಹದಿನೇಳು ಜಿಬಿ ಏನೋ ಇದೆಯಲ್ಲ?"

"ಕಾಲೇಜಿನ ಕಸ ಇರಬೇಕು ಬಿಡಮ್ಮ."

ಡಬ್ಬಿ ಖಾಲಿ ಎಂದು ಯಾರು ಹೇಳಿದರೂ ತೊಳೆಯಲು ಹಾಕುವ ಮುನ್ನ ಮುಚ್ಚಳ ತೆಗೆದು ನೋಡುವುದು ನಮ್ಮ ಅಭ್ಯಾಸ ತಾನೆ? ತೆರೆದು ನೋಡಿದೆ. ಹೆಸರೇ ಇಡದ ಒಂದು ಫೋಲ್ಡರ್. ಅದರೊಳಗೆ ನಮ್ಮ ಅತ್ತೆಯವರು! ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಕಾಲೇಜು ಮುಚ್ಚಿ ಮೊಮ್ಮಗಳು ಮನೆಯಲ್ಲಿದ್ದಾಗ, ಅಜ್ಜಿಯನ್ನು ಕೂರಿಸಿಕೊಂಡು ಸೋಬಾನೆ ಪದಗಳನ್ನು ಹಾಡಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಅರಳು ಸಂಡಿಗೆಗೆ ಬೂದುಗುಂಬಳಕಾಯಿ ತುರಿದು ಹಿಂಡುವ ಹದವನ್ನು ಅವರು ಕೈಯಲ್ಲೇ ತೋರಿಸುವ ಚಿತ್ರವೂ ಇತ್ತು. ಫೋನು ತುಂಬಿತೆಂದು ಲ್ಯಾಪ್‌ಟಾಪ್‌ಗೆ ಸುರಿದು, ಫೋನಿನಿಂದ ಅಳಿಸಿ, ಮರೆತಿದ್ದಾಳೆ. ಮರುವರ್ಷ ಅತ್ತೆಯವರು ತೀರಿಕೊಂಡರು. ಆ ದನಿ ಈ ಜಗತ್ತಿನಲ್ಲಿ ಉಳಿದಿದ್ದ ಒಂದೇ ಒಂದು ಜಾಗ ಆ ಡಿ ಡ್ರೈವ್. ನಾನು ಅಳಿಸಲು ಕೈಯಿಟ್ಟಿದ್ದೂ ಅದರ ಮೇಲೆಯೇ.

ಫೋನಿನ ಆ ತುದಿಯಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ಆ ರಾತ್ರಿ ಲೆಕ್ಕದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಿ ಸಭೆ ಮುಗಿಸಿಕೊಂಡೆ. ಡಿ ಡ್ರೈವ್ ತೆಗೆದದ್ದು ಒಂದು ವಾರ ಬಿಟ್ಟು, ಕ್ರಮವಾಗಿ. ಆ ಕ್ರಮವನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಕೆಲಸ ಕಷ್ಟವಲ್ಲ, ಒತ್ತುವುದು ಐದು ನಿಮಿಷ. ಆದರೆ ಅದರ ಹಿಂದಿನ ತಯಾರಿಗೆ ಒಂದು ಮಧ್ಯಾಹ್ನ ಬೇಕು.

ಈ ಡಿ ಬಂದದ್ದೆಲ್ಲಿಂದ?

ಲ್ಯಾಪ್‌ಟಾಪ್‌ನೊಳಗೆ ಎಲ್ಲವನ್ನೂ ಕೂಡಿಡುವ ಡಿಸ್ಕ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಅದನ್ನು ಭಾಗ ಮಾಡಿ, ಪ್ರತಿಯೊಂದಕ್ಕೂ ಒಂದೊಂದು ಅಕ್ಷರದ ಹೆಸರಿಟ್ಟರೆ ಅದೇ ಪಾರ್ಟಿಷನ್. ಹಾಗಾದರೆ 'ಎ' ಮತ್ತು 'ಬಿ' ಎಲ್ಲಿ ಹೋದವು ಎನ್ನುತ್ತೀರಾ? ಅವೆರಡೂ ಹಿಂದಿನ ಫ್ಲಾಪಿ ಡಿಸ್ಕುಗಳಿಗೆ ಮೀಸಲಾಗಿದ್ದ ಹೆಸರುಗಳು. ಫ್ಲಾಪಿ ಹೋಯಿತು, ಹೆಸರು ಹಾಗೇ ಖಾಲಿ ಉಳಿಯಿತು.

೧೯೮೩ರಲ್ಲಿ ಐಬಿಎಂ ಕಂಪನಿ ಹೊರತಂದ 'ಪಿಸಿ ಎಕ್ಸ್‌ಟಿ' ಎಂಬ ಕಂಪ್ಯೂಟರಿನಲ್ಲಿದ್ದ ಡಿಸ್ಕ್ ಬರೀ ೧೦ ಮೆಗಾಬೈಟ್. ಇಂದಿನ ಫೋನಿನ ಮೂರ್ನಾಲ್ಕು ಚಿತ್ರಕ್ಕೆ ತುಂಬಿಹೋಗುವಷ್ಟು! ಮುಂದೆ ಡಿಸ್ಕುಗಳು ದೊಡ್ಡವಾದರೂ ಆ ಕಾಲದ 'ಡಾಸ್' ವ್ಯವಸ್ಥೆ ೩೨ ಮೆಗಾಬೈಟ್‌ಗಿಂತ ದೊಡ್ಡ ಭಾಗವನ್ನು ಅರಿಯದು. ಹಾಗಾಗಿ ಬೇಕಿರಲಿ ಬೇಡದಿರಲಿ, ಪಾಲು ಮಾಡಲೇಬೇಕಿತ್ತು. ಆ ಮಿತಿ ಎಂದೋ ಹೋಯಿತು. ಆಮೇಲೆ ಪಾಲಿಗೆ ಬೇರೊಂದು ಕಾರಣ ಸಿಕ್ಕಿತು. ವಿಂಡೋಸ್ ಪದೇ ಪದೇ ಕೆಡುತ್ತಿದ್ದ ಕಾಲದಲ್ಲಿ ಸಿ ಯನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕಾಗುತ್ತಿತ್ತು. ಹಾಡು, ಚಿತ್ರ, ಕಾಗದಪತ್ರ ಡಿ ಯಲ್ಲಿದ್ದರೆ ಉಳಿಯುತ್ತಿದ್ದವು. ಅಂಗಡಿಯವರು ಆ ರೂಢಿಯನ್ನು ಹಾಗೇ ಮುಂದುವರಿಸಿಕೊಂಡು ಬಂದಿದ್ದಾರೆ.

ಇಲ್ಲೇ ನಾವು ಎಡವುವುದು. 'ಡಿ ಯಲ್ಲಿಟ್ಟರೆ ಭದ್ರ' ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿದೆ. ಆದರೆ ಯೋಚಿಸಿ: ಸಿ ಮತ್ತು ಡಿ ಒಂದೇ ಸೂರಿನ ಕೆಳಗಿನ ಎರಡು ಕೋಣೆ. ಡಿಸ್ಕ್ ಕೆಟ್ಟರೆ, ಲ್ಯಾಪ್‌ಟಾಪ್ ಕಳುವಾದರೆ, ಮೇಲೆ ಕಾಫಿ ಚೆಲ್ಲಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಮಾಂಗಲ್ಯದ ಸರವನ್ನು ಬೀರುವಿನ ಮೇಲಿನ ಅರೆಯಿಂದ ಕೆಳಗಿನ ಅರೆಗೆ ಇಟ್ಟ ಹಾಗೆ. ಬೀರುವನ್ನೇ ಹೊತ್ತೊಯ್ದರೆ?

ಒಡೆಯಬೇಕೋ, ಬೇಡವೋ?

ಜಾಗ ಸಾಲದೆಂದ ಕೂಡಲೇ ಗೋಡೆಗೆ ಹಾರೆ ಹಾಕಬೇಡಿ. ಮೊದಲು ಗುಡಿಸಿ. ಸೆಟಿಂಗ್ಸ್‌ನಲ್ಲಿ 'ಸಿಸ್ಟಂ', ಅದರಲ್ಲಿ 'ಸ್ಟೋರೇಜ್' ತೆರೆದರೆ ಯಾವುದು ಎಷ್ಟು ಜಾಗ ತಿಂದಿದೆ ಎಂಬ ಪಟ್ಟಿಯೇ ಸಿಗುತ್ತದೆ. 'ಟೆಂಪರರಿ ಫೈಲ್ಸ್' ಎಂಬಲ್ಲಿ ಕಸ ತೆಗೆಯಬಹುದು. ಹಳೆಯ ವಿಂಡೋಸ್‌ನ ಉಳಿಕೆ ಇದ್ದರೆ ಅದೊಂದರಿಂದಲೇ ಹತ್ತಾರು ಜಿಬಿ ಬಿಡುಗಡೆಯಾಗುವುದುಂಟು. ಒಂದೇ ಎಚ್ಚರಿಕೆ: ಅದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ನೀವು ಇಳಿಸಿಕೊಂಡ ಪಹಣಿ, ಅಂಕಪಟ್ಟಿ, ವಿಮೆಯ ಕಾಗದ ಎಲ್ಲವೂ ಕಸದ ಜೊತೆ ಹೋಗುತ್ತವೆ. ರೀಸೈಕಲ್ ಬಿನ್ ಖಾಲಿ ಮಾಡುವ ಮುನ್ನವೂ ಒಮ್ಮೆ ಇಣುಕಿ ನೋಡಿ.

ಇಷ್ಟಾದರೂ ಪಟ್ಟಿ ಕೆಂಪಗೇ ಇದ್ದರೆ, ಅಂದರೆ ಹತ್ತರಲ್ಲಿ ಒಂದು ಪಾಲೂ ಖಾಲಿ ಇಲ್ಲದಿದ್ದರೆ, ಆಗ ಗೋಡೆಯ ಮಾತು.

ಒಂದು ಅನುಮಾನವನ್ನು ಇಲ್ಲೇ ಬಗೆಹರಿಸುತ್ತೇನೆ. '೨೫೬ ಜಿಬಿ ಎಂದು ಹೇಳಿ ಕೊಟ್ಟರು, ಇಲ್ಲಿ ೨೩೮ ತೋರಿಸುತ್ತಿದೆ, ಉಳಿದದ್ದು ಯಾರು ನುಂಗಿದರು?' ಎಂದು ನನ್ನ ನಾದಿನಿ ಕೇಳಿದ್ದಳು. ಯಾರೂ ನುಂಗಿಲ್ಲ ತಾಯಿ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ ೧೦೨೪ರ ಲೆಕ್ಕದಲ್ಲಿ ಅಳೆಯುತ್ತದೆ. ಅಕ್ಕಿ ಅಷ್ಟೇ, ಸೇರು ಬೇರೆ. ಹೀಗೆ ೫೧೨ ಎಂದದ್ದು ೪೭೬ ಎಂದೂ, ಒಂದು ಟೆರಾಬೈಟ್ ಎಂದದ್ದು ೯೩೧ ಜಿಬಿ ಎಂದೂ ಕಾಣುತ್ತದೆ. ಇದನ್ನು ಹುಡುಕಿಕೊಂಡು ಯಾವ ಗೋಡೆಯನ್ನೂ ಒಡೆಯಬೇಕಿಲ್ಲ.

ಮೊದಲು ಮನೆ ಖಾಲಿ ಮಾಡಿ

ಡಿ ಯನ್ನು ತೆಗೆದರೆ ಅದರೊಳಗಿದ್ದದ್ದೆಲ್ಲ ಹೋಯಿತು ಎಂದೇ ತಿಳಿಯಿರಿ. ಅದು ರೀಸೈಕಲ್ ಬಿನ್ನಿಗೂ ಬರುವುದಿಲ್ಲ. ಆದ್ದರಿಂದ:

೧. ಡಿ ಯನ್ನು ತೆರೆದು ಒಂದೊಂದೇ ಫೋಲ್ಡರ್ ನೋಡಿ. ಹೆಸರಿಲ್ಲದವನ್ನು ಮೊದಲು ನೋಡಿ. ಮುಖ್ಯವಾದದ್ದು ಅವುಗಳಲ್ಲೇ ಅಡಗಿರುತ್ತದೆ ಎಂಬುದು ನನ್ನ ಅನುಭವ.

೨. ಬೇಕಾದದ್ದನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ನಕಲು ಮಾಡಿ. 'ಕಟ್' ಬೇಡ, 'ಕಾಪಿ' ಮಾಡಿ. ಅರ್ಧದಲ್ಲಿ ಕರೆಂಟು ಹೋದರೂ ಮೂಲ ಇದ್ದಲ್ಲೇ ಇರುತ್ತದೆ.

೩. ಎರಡೂ ಕಡೆಯ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿ. ಫೈಲುಗಳ ಸಂಖ್ಯೆ ಇಲ್ಲೂ ಅಲ್ಲೂ ಒಂದೇ ಇರಬೇಕು. ಲೆಕ್ಕ ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ.

೪. ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನಾಲ್ಕಾರು ಚಿತ್ರ, ಹಾಡು ತೆರೆದು ನೋಡಿ. ನಕಲಾಗಿದೆ ಎಂದು ನಂಬುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಮತ್ತೆ ಸಿಗಲಾರದಂಥವಾದರೆ ಎರಡನೆಯ ಪ್ರತಿ ಬೇರೊಂದು ಮನೆಯಲ್ಲಿರಲಿ.

೫. ಡಿ ಯಲ್ಲಿ ತಂತ್ರಾಂಶಗಳಿವೆಯೇ ನೋಡಿ. ಸೆಟಿಂಗ್ಸ್‌ನ 'ಆ್ಯಪ್ಸ್' ಪಟ್ಟಿಯನ್ನು ಡ್ರೈವ್‌ವಾರು ನೋಡಬಹುದು. ಲೆಕ್ಕಪತ್ರದ ತಂತ್ರಾಂಶವನ್ನು ಡಿ ಯಲ್ಲಿ ಹಾಕಿಸಿಕೊಂಡವರು ಬಹಳ ಮಂದಿ. ಅದನ್ನು ಹಾಕಿಕೊಟ್ಟವರನ್ನು ಕೇಳದೆ ಕೈಹಾಕಬೇಡಿ.

೬. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಗುಪ್ತ ಬೀಗ ಹಾಕಿರುವುದುಂಟು. 'ಬಿಟ್‌ಲಾಕರ್' ಎನ್ನುತ್ತಾರೆ. ಅದರ ೪೮ ಅಂಕಿಯ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ಹುಡುಕಿ, ಹಾಲಿನ ಲೆಕ್ಕದ ಡೈರಿಯಲ್ಲಾದರೂ ಸರಿ, ಬರೆದಿಟ್ಟುಕೊಳ್ಳಿ.

ಗೋಡೆ ಒಡೆಯುವ ಕ್ರಮ

ಇಲ್ಲಿ ಹೇಳಿರುವುದು ವಿಂಡೋಸ್ ೧೦ ಮತ್ತು ೧೧ ಎರಡಕ್ಕೂ ಹೊಂದುತ್ತದೆ. (೧೦ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.)

ಚಾರ್ಜರ್ ಸಿಕ್ಕಿಸಿ. ತೆರೆದಿರುವ ಫೈಲುಗಳನ್ನೆಲ್ಲ ಮುಚ್ಚಿ. ನಕಲು ಮಾಡಿದ ಹೊರಗಿನ ಡಿಸ್ಕ್, ಪೆನ್‌ಡ್ರೈವ್ ಎಲ್ಲವನ್ನೂ ಕಡ್ಡಾಯವಾಗಿ ಕಿತ್ತಿಡಿ. ಯಾಕೆಂದರೆ ಅವೂ ಅದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಡಿ ಎಂದುಕೊಂಡು ನಕಲಿರುವ ಡಿಸ್ಕನ್ನೇ ಅಳಿಸಿದರೆ ಯಾರಿಗೆ ಹೇಳೋಣ?

ಈಗ ಪರದೆಯ ಕೆಳಗಿನ 'ಸ್ಟಾರ್ಟ್' ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬರುವ ಪಟ್ಟಿಯಲ್ಲಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ಆರಿಸಿ. ಕೆಳಭಾಗದಲ್ಲಿ 'ಡಿಸ್ಕ್ ೦' ಎಂಬ ಹೆಸರಿನ ಮುಂದೆ ಸಾಲಾಗಿ ಚೌಕಗಳು ಕಾಣುತ್ತವೆ. ಅದೇ ನಿಮ್ಮ ಮನೆಯ ನಕ್ಷೆ. ನನ್ನದರಲ್ಲಿ ಹೀಗಿತ್ತು: ಮೊದಲು 'ಇಎಫ್ಐ ಸಿಸ್ಟಂ ಪಾರ್ಟಿಷನ್' ಎಂಬ ೧೦೦ ಮೆಗಾಬೈಟ್‌ನ ಪುಟ್ಟ ಚೌಕ, ಆಮೇಲೆ ೯೯ ಜಿಬಿಯ ಸಿ, ಅದಕ್ಕೆ ಅಂಟಿಕೊಂಡು ೧೩೮ ಜಿಬಿಯ ಡಿ, ಕೊನೆಗೆ 'ರಿಕವರಿ ಪಾರ್ಟಿಷನ್' ಎಂಬ ಇನ್ನೊಂದು ಪುಟ್ಟ ಚೌಕ.

ಈ ಪುಟ್ಟ ಚೌಕಗಳನ್ನು ಕಂಡು 'ಇವೂ ದಂಡ' ಎನ್ನಬೇಡಿ. ಇಎಫ್ಐ ಎಂಬುದು ತಲೆಬಾಗಿಲು. ಲ್ಯಾಪ್‌ಟಾಪ್ ಎಚ್ಚರಗೊಳ್ಳುವುದೇ ಅದರ ಮೂಲಕ. ರಿಕವರಿ ಎಂಬುದು ಕಷ್ಟಕಾಲಕ್ಕೆ ವಿಂಡೋಸನ್ನು ರಿಪೇರಿ ಮಾಡುವ ಸಾಮಾನಿನ ಪೆಟ್ಟಿಗೆ. ಎರಡನ್ನೂ ಮುಟ್ಟಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿ ಡ್ರೈವ್‌ನ ಹೆಸರೇ 'ರಿಕವರಿ' ಎಂದಿರುತ್ತದೆ. ಹತ್ತಿಪ್ಪತ್ತು ಜಿಬಿ ಅಷ್ಟೇ ಇರುತ್ತದೆ. ಹಾಗಿದ್ದರೆ ಅದನ್ನೂ ಬಿಟ್ಟುಬಿಡಿ.

ಡಿ ಚೌಕದ ಮೇಲೆ ಬಲಗುಂಡಿ ಒತ್ತಿ. ಅಕ್ಷರ ಮತ್ತು ಅಳತೆ ಎರಡನ್ನೂ ಗಟ್ಟಿಯಾಗಿ ಓದಿ. ಅದೇ ಹೌದೆಂದು ಮನಸ್ಸಿಗೆ ಬಂದ ಮೇಲೆ 'ಡಿಲೀಟ್ ವಾಲ್ಯೂಮ್'. ಎಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳುತ್ತದೆ. 'ಯೆಸ್' ಎಂದರೆ ಮುಗಿಯಿತು. ಒಂದು ವೇಳೆ 'ಈ ಡ್ರೈವ್ ಬಳಕೆಯಲ್ಲಿದೆ, ಆದರೂ ಬಲವಂತವಾಗಿ ತೆಗೆಯಲೇ' ಎಂದು ಕೇಳಿದರೆ 'ನೋ' ಎನ್ನಿ. ಏನೋ ತೆರೆದಿದೆ ಎಂದರ್ಥ. ಅದನ್ನು ಮುಚ್ಚಿ ಮತ್ತೆ ಬನ್ನಿ.

ಈಗ ಡಿ ಇದ್ದ ಜಾಗದಲ್ಲಿ ತಲೆಯ ಮೇಲೆ ಕಪ್ಪು ಪಟ್ಟಿ ಹೊತ್ತ 'ಅನ್‌ಅಲೊಕೇಟೆಡ್' ಎಂಬ ಚೌಕ ಕಾಣುತ್ತದೆ. ಯಾರ ಹೆಸರಿನಲ್ಲೂ ಇಲ್ಲದ ನಿವೇಶನ ಎನ್ನಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕಪ್ಪಿನ ಬದಲು ಹಸಿರು ಬಣ್ಣದಲ್ಲಿ 'ಫ್ರೀ ಸ್ಪೇಸ್' ಎಂದು ಬಂದರೆ ಗಾಬರಿ ಬೇಡ. ಹಸಿರು ಆವರಣದೊಳಗೆ ಬೇರಾವ ಡ್ರೈವೂ ಉಳಿದಿಲ್ಲ ಎಂದು ನೋಡಿಕೊಂಡು, ಅದರ ಮೇಲೆ ಇನ್ನೊಮ್ಮೆ 'ಡಿಲೀಟ್ ಪಾರ್ಟಿಷನ್' ಕೊಡಬೇಕು, ಅಷ್ಟೆ.

ಕೊನೆಯ ಹೆಜ್ಜೆ. ಸಿ ಚೌಕದ ಮೇಲೆ ಬಲಗುಂಡಿ ಒತ್ತಿ 'ಎಕ್ಸ್‌ಟೆಂಡ್ ವಾಲ್ಯೂಮ್' ಆರಿಸಿ. 'ನೆಕ್ಸ್ಟ್' ಒತ್ತಿದರೆ ಎಷ್ಟು ಜಾಗ ಸೇರಿಸಬೇಕೆಂದು ಮೆಗಾಬೈಟ್ ಲೆಕ್ಕದಲ್ಲಿ ತೋರಿಸುತ್ತದೆ. ೧೩೮ ಜಿಬಿ ಎಂದರೆ ಒಂದು ಲಕ್ಷ ನಲವತ್ತೊಂದು ಸಾವಿರದಷ್ಟು! ದೊಡ್ಡ ಅಂಕಿ ಕಂಡು ಬೆದರದೆ ಇದ್ದದ್ದು ಇದ್ದ ಹಾಗೇ ಬಿಟ್ಟು 'ನೆಕ್ಸ್ಟ್', 'ಫಿನಿಷ್' ಒತ್ತಿ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಸಿ ಡ್ರೈವ್ ೨೩೭ ಜಿಬಿ ಆಗಿತ್ತು. ಕೆಂಪು ಪಟ್ಟಿ ನೀಲಿಯಾಗಿತ್ತು.

ಗೋಡೆ ಮಣಿಯದಿದ್ದರೆ

'ಎಕ್ಸ್‌ಟೆಂಡ್ ವಾಲ್ಯೂಮ್' ಎಂಬ ಸಾಲು ಮಸುಕಾಗಿದ್ದು ಒತ್ತಲಾಗದಿದ್ದರೆ ಕಾರಣ ಹೆಚ್ಚಾಗಿ ಒಂದೇ: ಖಾಲಿ ಜಾಗ ಸಿ ಯ ಬಲಮಗ್ಗುಲಿಗೆ ತಾಗಿಕೊಂಡಿಲ್ಲ. ನಡುವೆ ರಿಕವರಿ ಚೌಕ ಕುಳಿತಿದ್ದರೆ ಅದನ್ನು ದಾಟಿ ಸಿ ಬೆಳೆಯಲಾರದು. ಪಕ್ಕದ ಕೋಣೆಯನ್ನು ಕೂಡಿಸಿಕೊಳ್ಳಬಹುದು, ಆಚೆ ಬೀದಿಯ ಕೋಣೆಯನ್ನು ಹೇಗೆ ಕೂಡಿಸುವುದು? ಆದ್ದರಿಂದಲೇ ಡಿ ಯನ್ನು ಅಳಿಸುವ ಮೊದಲೇ ನಕ್ಷೆಯಲ್ಲಿ ಈ ಅನುಕ್ರಮ ನೋಡಿಕೊಳ್ಳಬೇಕು. ನಡುವೆ ಏನಾದರೂ ಇದ್ದರೆ ಒಡೆಯುವ ಯೋಚನೆಯನ್ನೇ ಬಿಡಿ.

ಇನ್ನು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 'ಡಿಸ್ಕ್ ೦', 'ಡಿಸ್ಕ್ ೧' ಎಂದು ಎರಡು ಸಾಲು ಕಾಣುತ್ತವೆ. ಅಂದರೆ ಒಳಗೆ ನಿಜಕ್ಕೂ ಎರಡು ಡಿಸ್ಕ್ ಇವೆ. ಸಿ ಒಂದರಲ್ಲಿ, ಡಿ ಇನ್ನೊಂದರಲ್ಲಿ ಇದ್ದರೆ ಅವು ಒಂದಾಗುವುದಿಲ್ಲ. ಡಿ ಯನ್ನು ಅಳಿಸಿ ಏನೂ ಲಾಭವಿಲ್ಲ.

ಇಂಥವರಿಗೂ ದಾರಿಯಿದೆ. ಗೋಡೆ ಇದ್ದಂತೆಯೇ ಇರಲಿ, ಸಾಮಾನು ಸ್ಥಳಾಂತರಿಸಿ. 'ಪಿಕ್ಚರ್ಸ್' ಮತ್ತು 'ವಿಡಿಯೋಸ್' ಫೋಲ್ಡರ್‌ಗಳ 'ಪ್ರಾಪರ್ಟೀಸ್'ನಲ್ಲಿ 'ಲೊಕೇಷನ್' ಎಂಬ ಪುಟವಿದೆ. ಮೊದಲು ಡಿ ಯಲ್ಲಿ ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿಟ್ಟುಕೊಂಡು, ಆ ಪುಟದ 'ಮೂವ್' ಗುಂಡಿಯಿಂದ ಅವುಗಳಿಗೆ ಕಳಿಸಬಹುದು. ಸಿ ಹಗುರವಾಗುತ್ತದೆ, ಡಿ ಉಪಯೋಗಕ್ಕೆ ಬರುತ್ತದೆ.

ಮಕ್ಕಳು ಇಂಜಿನಿಯರಿಂಗ್ ಓದುವಾಗ ವಿಂಡೋಸ್ ಪಕ್ಕದಲ್ಲಿ 'ಉಬುಂಟು'ವಿನಂಥ ಇನ್ನೊಂದು ವ್ಯವಸ್ಥೆ ಹಾಕಿಕೊಂಡಿರುವುದುಂಟು. ಲ್ಯಾಪ್‌ಟಾಪ್ ಶುರುವಾಗುವಾಗ ಕಪ್ಪು ಪರದೆಯಲ್ಲಿ ಯಾವುದು ಬೇಕೆಂದು ಕೇಳಿದರೆ ಹಾಗೆಯೇ ಎಂದು ತಿಳಿಯಿರಿ. ಆ ಪಾಲನ್ನು ನೇರವಾಗಿ ಅಳಿಸಿದರೆ ಬಾಗಿಲು ಕಾಯುವವನು ದಾರಿ ತಪ್ಪಿ ವಿಂಡೋಸೂ ತೆರೆಯದೆ ನಿಲ್ಲಬಹುದು. ಹಾಕಿದವರೇ ಬಂದು ತೆಗೆಯಲಿ.

ಕೈತಪ್ಪಿ ಅಳಿಸಿದರೆ?

ಮೊದಲು ಕೈ ಹಿಂದಕ್ಕೆ ತೆಗೆಯಿರಿ. ಸಿ ಯೊಂದಿಗೆ ಸೇರಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಅದರ ಮೇಲೆ ಏನನ್ನೂ ಬರೆಯಬೇಡಿ. ಲ್ಯಾಪ್‌ಟಾಪ್ ಆರಿಸಿ, ಬಲ್ಲವರ ಬಳಿಗೆ ಒಯ್ಯಿರಿ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಆದರೆ ಗೋಡೆ ಹೋದರೂ ಸಾಮಾನು ಕೆಲಕಾಲ ಅಲ್ಲೇ ಬಿದ್ದಿರುತ್ತದೆ, ಮರಳಿ ಸಿಗುವ ಸಾಧ್ಯತೆ ಉಂಟು. ಈಗಿನ ಎಸ್‌ಎಸ್‌ಡಿ ಆದರೆ ಅಳಿಸಿದ ಜಾಗವನ್ನು ತಾನೇ ಒರೆಸಿ ಇಟ್ಟುಕೊಳ್ಳುತ್ತದೆ. ಆಸೆ ಕಡಿಮೆ.

ನೆನಪಿಡಿ

* 'ಖಾಲಿ ಇದೆ' ಎಂಬ ಮಾತನ್ನು ನಂಬಬೇಡಿ, ತೆರೆದು ನೋಡಿ.
* ಡಿ ಯಲ್ಲಿಟ್ಟದ್ದು ಎರಡನೆಯ ಪ್ರತಿಯಲ್ಲ. ಲ್ಯಾಪ್‌ಟಾಪ್‌ನ ಹೊರಗಿದ್ದರೆ ಮಾತ್ರ ಪ್ರತಿ.
* ಫೈಲುಗಳ ಸಂಖ್ಯೆ ತಾಳೆ ನೋಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಅಳಿಸಿ.
* ಹೊರಗಿನ ಡಿಸ್ಕ್ ಕಿತ್ತಿಟ್ಟು, ಚಾರ್ಜರ್ ಸಿಕ್ಕಿಸಿ ಕುಳಿತುಕೊಳ್ಳಿ.
* ಇಎಫ್ಐ, ರಿಕವರಿ ಮುಟ್ಟಬೇಡಿ.
* ಒಲೆಯ ಮೇಲೆ ಏನಾದರೂ ಇಟ್ಟು ಈ ಕೆಲಸಕ್ಕೆ ಕೂರಬೇಡಿ. ನನಗೆ ಕುಕ್ಕರ್ ಉಪಕಾರ ಮಾಡಿತು ನಿಜ. ಎಲ್ಲರಿಗೂ ಮಾಡೀತೆಂದು ಹೇಳಲಾರೆ.

ಸಂಘದ ಲೆಕ್ಕ ಈಗ ಇಕ್ಕಟ್ಟಿಲ್ಲದೆ ಸಾಗುತ್ತಿದೆ. ಅತ್ತೆಯವರ ಪದಗಳ ಒಂದು ಪ್ರತಿ ನನ್ನ ಬೀರುವಿನಲ್ಲಿ, ಇನ್ನೊಂದು ಮಗಳ ಬಳಿ ಬೆಂಗಳೂರಿನಲ್ಲಿ, ಮತ್ತೊಂದು ನಾದಿನಿಯ ಮನೆಯಲ್ಲಿದೆ. ಆ ಫೋಲ್ಡರ್‌ಗೆ ಈಗ ಹೆಸರೂ ಇಟ್ಟಿದ್ದೇವೆ: 'ಅಜ್ಜಿ'. ಈ ಸಲದ ಬೇಸಿಗೆಯಲ್ಲಿ ಅರಳು ಸಂಡಿಗೆ ಇಡುವಾಗ ಲ್ಯಾಪ್‌ಟಾಪನ್ನು ಮಹಡಿಯ ನೆರಳಿಗೆ ಒಯ್ದು, ಅವರ ಕೈ ನೋಡಿಕೊಂಡೇ ಕುಂಬಳಕಾಯಿ ಹಿಂಡಿದೆ. ಹದ ತಪ್ಪಲಿಲ್ಲ.

ನಿಮ್ಮ ಮನೆಯ ಡಿ ಡ್ರೈವ್‌ನಲ್ಲಿ ಯಾರಿದ್ದಾರೋ, ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಮ್ಮೆ ತೆರೆದು ನೋಡಿ.